ವಿಕ್ಸನ್ ಎಂಬ ಹೆಣ್ಣುಮಕ್ಕಳ ಮೇಳ

(ಬಾನುಲಿ ಭಾಷಣ)

ಪಾಶ್ಚಾತ್ಯ ಜನಪ್ರಿಯ ಸಂಗೀತದ ಮಾತು ಬಂದಾಗ ನಮ್ಮ ಸಾಹಿತ್ಯಾಸಕ್ತರಲ್ಲಿ ಹಲವರು ಮುಖ ಸಿಂಡರಿಸುವುದುಂಟು. ಅದರಲ್ಲಿಯೂ ‘ಹೆವಿ ಮೆಟಲ್’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕಿವಿಯನ್ನೇ ಮುಚ್ಚಿಕೊಳ್ಳುವವರು ಕಡಿಮೆಯಿಲ್ಲ. ಅವರ ಅಭಿರುಚಿಯನ್ನು ತಿದ್ದುವ ಉದ್ದೇಶ ನನಗಿಲ್ಲ. ನಾನು ಈ ಹೊತ್ತು ಹೇಳಹೊರಟಿರುವುದು ಅಮೆರಿಕದ ಕೆಲವರು ಹೆಣ್ಣುಮಕ್ಕಳು ಕಟ್ಟಿ, ಬೆಳೆಸಿ, ಒಡೆದು, ಮತ್ತೆ ಕೂಡಿಸಲು ಹೆಣಗಿದ ಒಂದು ಮೇಳದ ವೃತ್ತಾಂತವನ್ನು. ಮೇಳದ ಹೆಸರು ವಿಕ್ಸನ್. ಈ ಕಥೆಯನ್ನು ಹೇಳಲು ಬಾನುಲಿಗಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಏಕೆಂದರೆ ಇಲ್ಲಿ ನೀವು ಯಾರನ್ನೂ ನೋಡಲಾರಿರಿ, ಕೇಳಬಲ್ಲಿರಿ, ಅಷ್ಟೆ. ವಿಕ್ಸನ್ ಮೇಳದವರಿಗೆ ತಮ್ಮ ಉಚ್ಛ್ರಾಯದ ದಿನಗಳಲ್ಲಿ ದೊರೆಯದೆ ಹೋದದ್ದು ಇದೇ ಸೌಲಭ್ಯ.

ಮೊದಲು ಆ ಸಂಗೀತದ ವಿಷಯವಾಗಿ ಎರಡು ಮಾತು. ಹೆವಿ ಮೆಟಲ್ ಎಂಬ ಮರದ ಒಂದು ಕೊಂಬೆಗೆ ‘ಗ್ಲ್ಯಾಮ್ ಮೆಟಲ್’ ಎಂದು ಹೆಸರು. ವಿದ್ಯುತ್ ಗಿಟಾರಿನ ಅಬ್ಬರ, ಡ್ರಮ್ಮಿನ ಗುಡುಗು ಇದರಲ್ಲಿಯೂ ಉಂಟು. ಆದರೆ ಅಬ್ಬರದ ನಡುವೆ ಒಂದು ಸುಲಭವಾದ, ಸಿಹಿಯಾದ ಪಲ್ಲವಿ ಇರಲೇಬೇಕು. ಅದನ್ನು ಮೇಳದವರೆಲ್ಲ ಒಟ್ಟಿಗೆ ಹಾಡಬೇಕು. ಒಮ್ಮೆ ಕೇಳಿದವರು ಎರಡನೆಯ ಸಲಕ್ಕೆ ತಾವೂ ದನಿಗೂಡಿಸುವಂತಿರಬೇಕು. ವಸ್ತು ಬಹುಮಟ್ಟಿಗೆ ಪ್ರೇಮ, ವಿರಹ, ರಾತ್ರಿಯ ವಿನೋದ. 1980ರ ದಶಕದಲ್ಲಿ ಈ ಸಂಗೀತದ ತವರುಮನೆ ಕ್ಯಾಲಿಫೋರ್ನಿಯದ ಲಾಸ್ ಏಂಜಲಿಸ್. ಅಲ್ಲಿಯ ಸನ್‌ಸೆಟ್ ಬುಲೆವಾರ್ಡ್ ಎಂಬ ದೊಡ್ಡ ಬೀದಿಯ ಒಂದೂವರೆ ಮೈಲಿಯಷ್ಟು ಭಾಗದಲ್ಲಿ ವಿಸ್ಕಿ ಎ ಗೋ ಗೋ, ರಾಕ್ಸಿ, ಗಝಾರಿಸ್ ಮುಂತಾದ ಕ್ಲಬ್ಬುಗಳು ಸಾಲಾಗಿ ನಿಂತಿದ್ದವು. ದೇಶದ ಮೂಲೆಮೂಲೆಗಳಿಂದ ಗಿಟಾರು ಹೊತ್ತು ಬಂದ ತರುಣರು ತಮ್ಮ ಮೇಳದ ಕರಪತ್ರಗಳನ್ನು ಅಲ್ಲಿಯ ದೀಪದ ಕಂಬಗಳಿಗೆಲ್ಲ ಅಂಟಿಸುತ್ತಿದ್ದರು. ಕ್ಲಬ್ಬಿನ ಮಾಲೀಕರು ಒಂದು ಜಾಣ ಪದ್ಧತಿಯನ್ನೂ ಕಂಡುಕೊಂಡಿದ್ದರು. ಹಾಡುವವರು ಮೊದಲು ತಮ್ಮ ಕಚೇರಿಯ ಟಿಕೇಟುಗಳನ್ನು ತಾವೇ ಹಣ ತೆತ್ತು ಕೊಳ್ಳಬೇಕು; ಆಮೇಲೆ ಅವನ್ನು ಮಾರಿ ಅಸಲು ಹುಟ್ಟಿಸಿಕೊಳ್ಳಬೇಕು. ಹಾಡಿದವನಿಗೆ ಸಂಭಾವನೆಯಲ್ಲ, ಹಾಡುವುದಕ್ಕೆ ಬಾಡಿಗೆ! ಕಲೆಯ ಇತಿಹಾಸ ಬರೆಯುವವರು ಇಂಥ ಲೆಕ್ಕಪತ್ರಗಳನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಈ ಸಂಗೀತದ ಇನ್ನೊಂದು ಅಂಗವೆಂದರೆ ವೇಷ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟೀವಿ ಎಂಬ ದೂರದರ್ಶನ ವಾಹಿನಿ ಆರಂಭವಾಯಿತು. ಹಗಲಿರುಳೂ ಹಾಡಿನ ಚಿತ್ರಗಳನ್ನು ತೋರಿಸುವುದೇ ಆಗ ಅದರ ಕಾಯಕವಾಗಿತ್ತು. ಅಲ್ಲಿಂದಾಚೆಗೆ ಹಾಡು ಕಿವಿಯನ್ನು ತಲುಪುವ ಮೊದಲು ಕಣ್ಣನ್ನು ದಾಟಿ ಬರಬೇಕಾಯಿತು. ಮೋಟ್ಲಿ ಕ್ರ್ಯೂ, ರ‍್ಯಾಟ್, ಪಾಯ್ಸನ್ ಮೊದಲಾದ ಮೇಳಗಳ ಗಂಡಸರು ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ಕೆಂಪು ಹಚ್ಚಿಕೊಂಡು, ತಲೆಗೂದಲನ್ನು ಮೊರದಗಲ ಹರಡಿ, ಅದು ಕುಸಿಯದಂತೆ ಡಬ್ಬಿಗಟ್ಟಲೆ ದ್ರಾವಣ ಸಿಂಪಡಿಸಿಕೊಂಡು ರಂಗವೇರಿದರು. ಪಾಯ್ಸನ್ ಮೇಳದ 1986ರ ಮೊದಲ ಧ್ವನಿಮುದ್ರಿಕೆಯ ಹೊದಿಕೆಯನ್ನು ನೋಡಿದವರು ನಾಲ್ವರು ಸುಂದರಿಯರೆಂದೇ ಭಾವಿಸಬೇಕು. ಯಕ್ಷಗಾನವನ್ನೂ ಹಳೆಯ ಕಂಪನಿ ನಾಟಕಗಳನ್ನೂ ಬಲ್ಲ ನಮಗೆ ಗಂಡಸು ಬಣ್ಣ ಹಚ್ಚುವುದು ಹೊಸದಲ್ಲ. ಆದರೆ ನಮ್ಮ ಸ್ತ್ರೀವೇಷಧಾರಿ ಹೆಣ್ಣಾಗಿ ಕಾಣಬೇಕೆಂದು ಬಣ್ಣ ಹಚ್ಚುತ್ತಾನೆ. ಇವರು ಹಚ್ಚುತ್ತಿದ್ದುದು ತಮ್ಮ ಗಂಡಸುತನವನ್ನು ಮೆರೆಸುವುದಕ್ಕೆ. ಹೆಣ್ಣಿನ ಅಲಂಕಾರವನ್ನೆಲ್ಲ ಎರವಲು ತಂದು, ಹಾಡುಗಳಲ್ಲಿ ಹೆಣ್ಣನ್ನು ಬೇಟೆಯ ಪ್ರಾಣಿಯಂತೆ ಕಂಡರು. ಯಾರೂ ಅದನ್ನು ವಿಚಿತ್ರವೆನ್ನಲಿಲ್ಲ.

ಹೀಗಿರುವಾಗ ಹೆಣ್ಣುಮಕ್ಕಳೇ ಆ ವೇಷದಲ್ಲಿ, ಆ ವಾದ್ಯಗಳನ್ನು ಹಿಡಿದು ಬಂದರೆ ಏನಾಗುತ್ತದೆ? ಗಂಡಸು ತೊಟ್ಟಾಗ ವೇಷವೆನಿಸಿದ್ದು ಹೆಣ್ಣು ತೊಟ್ಟೊಡನೆ ಬರಿಯ ಮೈಯಾಗಿಬಿಡುತ್ತದೆ. ವಿಕ್ಸನ್ ಮೇಳದ ವೃತ್ತಿಜೀವನದುದ್ದಕ್ಕೂ ಈ ಒಂದು ತೊಡಕು ಬಿಡಿಸಲಾರದಂತೆ ಸುತ್ತಿಕೊಂಡಿತ್ತು.

ಅವರೇ ಮೊದಲಿಗರೆಂದಲ್ಲ. 1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿಯೇ ‘ದ ರನ್‌ಅವೇಸ್’ ಎಂಬ ಹುಡುಗಿಯರ ಮೇಳ ಹುಟ್ಟಿತ್ತು. ಹದಿಹರೆಯದ ಆ ಹುಡುಗಿಯರನ್ನು ನಿರ್ವಾಹಕರು ಒಂದು ಪ್ರದರ್ಶನದ ವಸ್ತುವಿನಂತೆ ಊರೂರು ಮೆರೆಸಿದರು. 1979ಕ್ಕೆ ಮೇಳ ಮುಗಿಯಿತು. ಅದರಲ್ಲಿದ್ದ ಜೋನ್ ಜೆಟ್ ಮತ್ತು ಲೀಟಾ ಫೋರ್ಡ್ ಮುಂದೆ ತಮ್ಮ ತಮ್ಮ ಹೆಸರಿನಲ್ಲಿ ಖ್ಯಾತಿ ಪಡೆದರು. ಲಂಡನ್ನಿನಲ್ಲಿ 1978ರಿಂದ ‘ಗರ್ಲ್‌ಸ್ಕೂಲ್’ ಎಂಬ ಮೇಳವಿತ್ತು. ಆದರೆ ದೊಡ್ಡ ಕಂಪನಿಯ ಬೆಂಬಲದೊಡನೆ ಗ್ಲ್ಯಾಮ್ ಮೆಟಲ್ಲಿನ ನಡುಬೀದಿಗೇ ಇಳಿದು, ಗಂಡಸರ ಅಂಗಡಿಯ ಎದುರಿಗೇ ಅಂಗಡಿ ತೆರೆದ ಹೆಣ್ಣುಮಕ್ಕಳೆಂದರೆ ವಿಕ್ಸನ್ ಮೇಳದವರೇ.

ಈ ಮೇಳದ ಮೂಲ ಲಾಸ್ ಏಂಜಲಿಸ್ ಅಲ್ಲ. ಅಮೆರಿಕದ ಉತ್ತರ ಭಾಗದಲ್ಲಿ, ವರ್ಷದಲ್ಲಿ ಹಲವು ತಿಂಗಳು ಹಿಮ ಸುರಿಯುವ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಜ್ಯಾನ್ ಕ್ಯೂನ್‌ಮಂಡ್ ಎಂಬ ಗಿಟಾರ್ ವಾದಕಿ ಎಂಬತ್ತರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ‘ವಿಕ್ಸನ್’ ಎಂದರೆ ಹೆಣ್ಣುನರಿ. ಬಾಯಿಬಡುಕಿಯಾದ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗಯ್ಯಾಳಿ, ಎಂಬ ಅರ್ಥವೂ ಉಂಟು. ಬೈಗುಳವನ್ನೇ ಬಿರುದಾಗಿ ಮುಡಿದುಕೊಂಡ ಹೆಸರು ಅದು. ಕ್ಯೂನ್‌ಮಂಡ್ ಅವರು ಹಾಡುಗಾರ್ತಿಯಲ್ಲ. ಮೇಳದ ಮುಂಭಾಗದಲ್ಲಿ ಧ್ವನಿವರ್ಧಕದ ಎದುರು ನಿಲ್ಲುವವರೂ ಅಲ್ಲ. ರಂಗದ ಒಂದು ಮಗ್ಗುಲಲ್ಲಿ ನಿಂತು ಮುಖ್ಯ ಗಿಟಾರನ್ನು ನುಡಿಸುವುದು ಅವರ ಕೆಲಸ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಮುಂದಿನ ಜಗಳಕ್ಕೆಲ್ಲ ಇದೇ ಬೀಜ.

ಮುಂದೆ ನಿಂತು ಹಾಡಿದವರು ಜ್ಯಾನೆಟ್ ಗಾರ್ಡ್‌ನರ್. 1983ರಲ್ಲಿ ಅವರು ಮೇಳವನ್ನು ಸೇರಿದರು. ತಾರಸ್ಥಾಯಿಯಲ್ಲಿಯೂ ಕರ್ಕಶವಾಗದ, ಅಂಚಿನಲ್ಲಿ ಮಾತ್ರ ಸ್ವಲ್ಪ ಒರಟಾದ ಕಂಠ ಅವರದು. ಹಾಡುವುದರ ಜೊತೆಗೆ ಲಯದ ಗಿಟಾರನ್ನೂ ಅವರೇ ನುಡಿಸುತ್ತಿದ್ದರು. ಮೇಳವು ಸುಮಾರು ಎರಡು ಸಾವಿರ ಮೈಲಿಗಳ ದಾರಿ ಸವೆಸಿ ಲಾಸ್ ಏಂಜಲಿಸ್‌ನಲ್ಲಿ ಬಿಡಾರ ಹೂಡಿದ್ದು ಎಂಬತ್ತರ ದಶಕದ ಮಧ್ಯದಲ್ಲಿ. ಆ ಕಾಲದ ಒಂದು ಸಂಗತಿಯನ್ನು ಹೇಳಬೇಕು. 1984ರಲ್ಲಿ ‘ಹಾರ್ಡ್‌ಬಾಡೀಸ್’ ಎಂಬ ಚಲನಚಿತ್ರ ಬಂತು. ಕಡಲತೀರದಲ್ಲಿ ತರುಣಿಯರ ಬೆನ್ನು ಹತ್ತುವ ನಡುವಯಸ್ಸಿನ ಗಂಡಸರ ಕಥೆ. ಅದಕ್ಕಿಂತ ಹೆಚ್ಚಾಗಿ ಅದರ ವಿಷಯದಲ್ಲಿ ಹೇಳಬೇಕಾದ್ದಿಲ್ಲ. ಅದರಲ್ಲಿ ಒಂದು ಹುಡುಗಿಯರ ಮೇಳ ಬರುತ್ತದೆ. ಹಾಡಿದವರು, ನುಡಿಸಿದವರು ಎಲ್ಲ ವಿಕ್ಸನ್ ಮೇಳದವರೇ. ಆದರೆ ಚಿತ್ರದಲ್ಲಿ ಆ ಮೇಳಕ್ಕೆ ಇಟ್ಟ ಹೆಸರು ‘ಡೈಪರ್ ರ‍್ಯಾಶ್’. ಎಂದರೆ ಹಸುಗೂಸಿನ ತೊಡೆಸಂದಿನಲ್ಲಿ ಏಳುವ ಕೆಂಪು ಗುಳ್ಳೆ. ಹೊಟ್ಟೆಪಾಡಿಗಾಗಿ ಕಲಾವಿದರು ಏನೇನನ್ನು ಸಹಿಸುತ್ತಾರೆಂಬುದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ.

1986ರಲ್ಲಿ ಡ್ರಮ್ ವಾದಕಿ ರಾಕ್ಸಿ ಪೆಟ್ರುಚಿ ಬಂದರು. ಅವರು ಅದಕ್ಕೆ ಮೊದಲು ತಮ್ಮ ಸೋದರಿ ಮ್ಯಾಕ್ಸೀನ್ ಜೊತೆಗೆ ‘ಮ್ಯಾಡಮ್ ಎಕ್ಸ್’ ಎಂಬ ಮೇಳದಲ್ಲಿದ್ದವರು. 1987ರಲ್ಲಿ ಬೇಸ್ ಗಿಟಾರಿಗೆ ಶೇರ್ ಪೆಡರ್ಸನ್ ಬಂದರು. ಕ್ಯೂನ್‌ಮಂಡ್, ಗಾರ್ಡ್‌ನರ್, ಪೆಟ್ರುಚಿ, ಪೆಡರ್ಸನ್: ಈ ನಾಲ್ವರ ಕೂಟವನ್ನೇ ಇಂದಿಗೂ ಅಭಿಮಾನಿಗಳು ನಿಜವಾದ ವಿಕ್ಸನ್ ಎಂದು ಎಣಿಸುವುದು. ಸೇಂಟ್ ಪಾಲ್‌ನಿಂದ ಇಲ್ಲಿಯವರೆಗೆ ಮೇಳಕ್ಕೆ ಬಂದವರು, ಬಿಟ್ಟವರು ಹಲವರು. ಅಚಲವಾಗಿ ಉಳಿದವರು ಕ್ಯೂನ್‌ಮಂಡ್ ಒಬ್ಬರೇ.

ಇಎಂಐ ಮ್ಯಾನ್‌ಹಟನ್ ಎಂಬ ದೊಡ್ಡ ಕಂಪನಿ ಇವರೊಡನೆ ಒಪ್ಪಂದ ಮಾಡಿಕೊಂಡಿತು. ದೊಡ್ಡ ಕಂಪನಿಯ ಒಪ್ಪಂದವೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಲೇಸು. ಕಂಪನಿ ಕೈಗೆ ಮುಂಗಡ ಕೊಡುತ್ತದೆ. ಧ್ವನಿಮುದ್ರಣದ ಖರ್ಚನ್ನೂ, ದೂರದರ್ಶನಕ್ಕಾಗಿ ತೆಗೆಯುವ ಹಾಡಿನ ಚಿತ್ರದ ಖರ್ಚಿನಲ್ಲಿ ಒಂದು ಪಾಲನ್ನೂ ಭರಿಸುತ್ತದೆ. ಇದು ದಾನವಲ್ಲ, ಸಾಲ. ಧ್ವನಿಮುದ್ರಿಕೆ ಮಾರಾಟವಾದಾಗ ಕಲಾವಿದರಿಗೆ ಸಲ್ಲಬೇಕಾದ ಸಣ್ಣ ಪಾಲಿನಿಂದ ಈ ಸಾಲವೆಲ್ಲ ತೀರುವವರೆಗೆ ಅವರ ಕೈಗೆ ಕಾಸು ಸೇರುವುದಿಲ್ಲ. ಹಾಡನ್ನು ಬರೆದವರ ಗೌರವಧನ ಮಾತ್ರ ಬೇರೆ ಲೆಕ್ಕ. ಆದ್ದರಿಂದ ಹಾಡಿನ ಕರ್ತೃ ಯಾರು ಎಂಬುದು ಅಲ್ಲಿ ಕೀರ್ತಿಯ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆಯೂ ಹೌದು.

1988ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದರ ಹೆಸರೂ ‘ವಿಕ್ಸನ್’. ಅದರ ಮೊದಲ ಪ್ರಸಿದ್ಧ ಗೀತೆ ‘ಎಜ್ ಆಫ್ ಎ ಬ್ರೋಕನ್ ಹಾರ್ಟ್’. ಒಡೆದ ಎದೆಯ ಅಂಚು ಎಂದು ಹೇಳಬಹುದು. ಬರೆದವರು ರಿಚರ್ಡ್ ಮಾರ್ಕ್ಸ್ ಮತ್ತು ಫೀ ವೇಬಿಲ್. ಮಾರ್ಕ್ಸ್ ಆಗ ಅದೇ ಕಂಪನಿಯ ಬೆಳೆಯುತ್ತಿರುವ ತಾರೆ. ಅದೇ ವರ್ಷ ಅವರದೇ ಒಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಅವರು ಈ ಹಾಡನ್ನು ಬರೆದುಕೊಟ್ಟದ್ದಲ್ಲದೆ ಅದರ ನಿರ್ಮಾಣದಲ್ಲಿಯೂ ಕೈಯಿಟ್ಟರು. ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ಅದು 26ನೆಯ ಸ್ಥಾನಕ್ಕೆ ಬಂತು. ಅನಂತರದ ‘ಕ್ರೈಯಿಂಗ್’ ಎಂಬ ಗೀತೆ 22ನೆಯ ಸ್ಥಾನ ಮುಟ್ಟಿತು. ಧ್ವನಿಮುದ್ರಿಕೆ ತನ್ನ ಪಟ್ಟಿಯಲ್ಲಿ 41ರವರೆಗೆ ಏರಿತು. ಹೊಸಬರಿಗೆ ಇದು ಕಡಿಮೆಯ ಸಾಧನೆಯಲ್ಲ.

ಆ ಎರಡು ಹಾಡುಗಳನ್ನು ನಾನು ಅನೇಕ ಸಲ ಕೇಳಿದ್ದೇನೆ. ಸಾಹಿತ್ಯದ ದೃಷ್ಟಿಯಿಂದ ಅವುಗಳಲ್ಲಿ ಹೆಚ್ಚಿನದೇನೂ ಇಲ್ಲವೆಂದು ಒಪ್ಪಿಕೊಳ್ಳುವುದೇ ಸರಿ. ಮೋಸಹೋದ ಹೆಣ್ಣು ಇನ್ನು ಸಾಕು ಎನ್ನುವುದು ಒಂದರ ಭಾವ. ಅಳುವಿನ ನಡುವೆ ಅಳುವನ್ನೇ ನೋಡಿಕೊಳ್ಳುವುದು ಇನ್ನೊಂದರದು. ಆದರೆ ಹಾಡಿನ ಕಟ್ಟಡವನ್ನು ಗಮನಿಸಿ. ಚರಣದಲ್ಲಿ ಗಾರ್ಡ್‌ನರ್ ತಮ್ಮ ಕಂಠವನ್ನು ತಡೆಹಿಡಿದು, ಮಾತನಾಡುವಷ್ಟೇ ಎತ್ತರದಲ್ಲಿ ಹಾಡುತ್ತಾರೆ. ಪಲ್ಲವಿಗೆ ಬಂದೊಡನೆ ಹಲವು ಕಂಠಗಳು ಒಂದರ ಮೇಲೊಂದು ಕುಳಿತು ಗೋಡೆಯಂತೆ ಏಳುತ್ತವೆ. ಆ ಗೋಡೆ ಗ್ಲ್ಯಾಮ್ ಮೆಟಲ್ಲಿನ ಸಾಮಾನ್ಯ ಸ್ವತ್ತು, ಎಲ್ಲರೂ ಕಟ್ಟುತ್ತಿದ್ದುದೇ. ಗಂಡಸರ ಮೇಳಗಳಲ್ಲಿ ಅದು ಕುಡಿತದ ಕೂಟದ ಕೂಗಿನಂತೆ ಕೇಳಿಸುತ್ತದೆ. ಇಲ್ಲಿ ಹಾಗಲ್ಲ. ನೊಂದವಳೊಬ್ಬಳ ಬೆನ್ನ ಹಿಂದೆ ಅವಳ ಗೆಳತಿಯರು ಬಂದು ನಿಂತಂತೆ ಇದೆ. ಅದೇ ಇಟ್ಟಿಗೆ, ಅದೇ ಗಾರೆ, ಆದರೆ ಮನೆ ಬೇರೆ. ಬರೆದವರು ಇಬ್ಬರು ಗಂಡಸರು ಎಂಬುದು ಈ ಅನುಭವವನ್ನು ಅಳಿಸುವುದಿಲ್ಲ. ದಾಸರ ಪದವನ್ನು ಹಾಡುಗಾರ್ತಿ ತನ್ನದಾಗಿಸಿಕೊಳ್ಳುವುದನ್ನು ನಾವು ಕಂಡಿಲ್ಲವೆ? ಕ್ಯೂನ್‌ಮಂಡ್ ಅವರ ಗಿಟಾರಿನ ವಿಷಯದಲ್ಲಿಯೂ ಒಂದು ಮಾತು. ಆ ಕಾಲದ ಗಿಟಾರ್ ವಾದಕರಿಗೆ ವೇಗದ ಹುಚ್ಚು ಹಿಡಿದಿತ್ತು. ಒಂದು ಉಸಿರಿನಲ್ಲಿ ಎಷ್ಟು ಸ್ವರ ಉದುರಿಸಿದ ಎಂಬುದೇ ಪಾಂಡಿತ್ಯದ ಅಳತೆ. ಕ್ಯೂನ್‌ಮಂಡ್ ಅವರು ತಮಗೆ ಸಿಕ್ಕ ಅಲ್ಪಾವಕಾಶದಲ್ಲಿ ಹಾಡಿನ ಮಟ್ಟಿನಿಂದಲೇ ಎಳೆ ತೆಗೆದು ಬೆಳೆಸುತ್ತಾರೆ. ಮುಗಿದಾಗ ನಮಗೆ ನೆನಪಿರುವುದು ವೇಗವಲ್ಲ, ರಾಗ.

ಅಂದಿನ ವಿಮರ್ಶಕರಲ್ಲಿ ಎಷ್ಟು ಮಂದಿ ಇದನ್ನು ಕೇಳಿಸಿಕೊಂಡರು? ಮೇಳಕ್ಕೆ ಅಂಟಿದ ಬಿರುದು ‘ಹೆಣ್ಣು ಬಾನ್ ಜೋವಿ’. ಬಾನ್ ಜೋವಿ ಎಂಬುದು ಆಗ ಲಕ್ಷಾಂತರ ಪ್ರತಿಗಳನ್ನು ಮಾರುತ್ತಿದ್ದ ನ್ಯೂಜರ್ಸಿಯ ಗಂಡಸರ ಮೇಳ. ಹೊಗಳಿಕೆಯೆಂದೇ ಇಟ್ಟುಕೊಳ್ಳೋಣ. ಆದರೂ ಅದು ಎಂಥ ಹೊಗಳಿಕೆ? ಲೇಖಕಿಯೊಬ್ಬರನ್ನು ಇಂಥ ಲೇಖಕರ ಸ್ತ್ರೀರೂಪ ಎಂದು ಕರೆದಂತೆ. ನಮ್ಮ ಸಾಹಿತ್ಯ ಸಭೆಗಳಲ್ಲಿಯೂ ಇದು ನಡೆದಿದೆಯೆಂಬುದನ್ನು ನಾವು ಮರೆಯಬಾರದು. ಹೆಣ್ಣು ಹಾಡಿದರೆ ಲೋಕ ಒಪ್ಪುತ್ತದೆ. ಗಿಟಾರು ಹಿಡಿದರೆ ಹುಬ್ಬೇರಿಸುತ್ತದೆ. ಡ್ರಮ್ಮಿನ ಹಿಂದೆ ಕುಳಿತರೆ ಇವಳೇ ಬಾರಿಸುತ್ತಿದ್ದಾಳೆಯೆ ಎಂದು ಕೇಳುತ್ತದೆ. ಅಂದವಾಗಿ ಅಲಂಕರಿಸಿಕೊಂಡು ಕುಳಿತರಂತೂ ಸಂಶಯ ಇಮ್ಮಡಿಸುತ್ತದೆ. ಅಲಂಕರಿಸಿಕೊಳ್ಳದೆ ಬಂದರೆ ಎಂಟೀವಿಯ ಬಾಗಿಲು ತೆರೆಯದು. ಪಾಯ್ಸನ್ ಮೇಳದವರಿಗೆ ಈ ಸಂದಿಗ್ಧವಿರಲಿಲ್ಲ. ಅವರ ತುಟಿಯ ಬಣ್ಣವನ್ನು ನೋಡಿ ನಕ್ಕವರಿದ್ದರು. ಗಿಟಾರು ನುಡಿಸುತ್ತಿರುವವರು ಬೇರೆಯವರಿರಬೇಕೆಂದು ಅದರಿಂದ ತೀರ್ಮಾನಿಸಿದವರಿರಲಿಲ್ಲ.

ಈ ಸಂಶಯಕ್ಕೆ ಉತ್ತರ ಕೊಡಲು ಇದ್ದ ಒಂದೇ ದಾರಿ ಊರೂರು ತಿರುಗಿ ನುಡಿಸುವುದು. ಅವರು ತಿರುಗಿದರು. ಸ್ಕಾರ್ಪಿಯನ್ಸ್, ಆಜಿ ಆಸ್ಬರ್ನ್, ಬಾನ್ ಜೋವಿ, ಅನಂತರ ಕಿಸ್, ಡೀಪ್ ಪರ್ಪಲ್ ಇವರ ಕಚೇರಿಗಳಿಗೆ ಮುನ್ನ ವಿಕ್ಸನ್ ಮೇಳದ್ದು ಆರಂಭದ ಕಚೇರಿ. ಆರಂಭದ ಮೇಳದ ಪಾಡನ್ನು ಊಹಿಸಿಕೊಳ್ಳಿ: ಸಭಿಕರು ಇನ್ನೂ ಆಸನ ಹುಡುಕುತ್ತಿರುತ್ತಾರೆ, ದೀಪ, ಧ್ವನಿ ಯಾವುದೂ ಪೂರ್ತಿಯಾಗಿ ದೊರೆಯುವುದಿಲ್ಲ, ಬಂದವರೆಲ್ಲ ಬೇರೆಯವರನ್ನು ಕೇಳಲು ಬಂದವರು. ಅಂಥ ಸಭೆಯನ್ನು ಅರ್ಧ ಗಂಟೆಯಲ್ಲಿ ಒಲಿಸಿಕೊಳ್ಳಬೇಕು. ಪಟ್ಟಿಯ ಸ್ಥಾನಗಳಿಗಿಂತ ಈ ದುಡಿಮೆಯೇ ಮೇಳದ ನಿಜವಾದ ಗಳಿಕೆಯೆಂದು ನನ್ನ ಅಭಿಪ್ರಾಯ. ದಶಕಗಳ ಮೇಲೂ ಅವರ ಹೆಸರಿಗೆ ಟಿಕೇಟು ಕೊಳ್ಳುವ ಜನ ಉಳಿದರೆಂದರೆ ಅದು ಆ ಅರ್ಧ ಗಂಟೆಗಳ ಫಲ.

1990ರಲ್ಲಿ ಎರಡನೆಯ ಧ್ವನಿಮುದ್ರಿಕೆ ‘ರೆವ್ ಇಟ್ ಅಪ್’ ಬಂತು. ಇದರ ಹಾಡುಗಳ ರಚನೆಯಲ್ಲಿ ಮೇಳದವರ ಕೈ ಮೊದಲಿಗಿಂತ ಹೆಚ್ಚು. ನನಗಂತೂ ಇದು ಮೊದಲನೆಯದಕ್ಕಿಂತ ಗಟ್ಟಿಯಾದ ಕೃತಿಯಾಗಿ ಕಾಣುತ್ತದೆ. ಆದರೆ ಮಾರುಕಟ್ಟೆ ಹಾಗೆಣಿಸಲಿಲ್ಲ. ಧ್ವನಿಮುದ್ರಿಕೆ 52ನೆಯ ಸ್ಥಾನದಲ್ಲಿ ನಿಂತಿತು. ‘ಹೌ ಮಚ್ ಲವ್’ ಎಂಬ ಹಾಡು 44ಕ್ಕೆ ಬಂದು ನಿಂತರೆ, ‘ಲವ್ ಈಸ್ ಎ ಕಿಲ್ಲರ್’ ಎಂಬ ವಿಳಂಬಗತಿಯ ಗೀತೆ 71ನ್ನು ದಾಟಲಿಲ್ಲ. 44ಕ್ಕೂ 40ಕ್ಕೂ ನಡುವೆ ನಾಲ್ಕೇ ಮೆಟ್ಟಿಲು ಎಂದು ನಮಗೆ ತೋರಬಹುದು. ಅಮೆರಿಕದ ಜನಪ್ರಿಯ ಬಾನುಲಿ ನಿಲಯಗಳ ವ್ಯವಸ್ಥೆ ಮೊದಲ ನಲವತ್ತು ಹಾಡುಗಳ ಸುತ್ತ ಕಟ್ಟಿದ್ದು. ನಲವತ್ತರ ಒಳಗಿದ್ದ ಹಾಡು ದಿನವೂ ಮನೆಮನೆ ತಲುಪುತ್ತದೆ. ಹೊರಗೆ ನಿಂತದ್ದು ಹೊಸ್ತಿಲಾಚೆಗೇ ಉಳಿಯುತ್ತದೆ.

ಗ್ಲ್ಯಾಮ್ ಮೆಟಲ್ಲಿನ ಅವನತಿಯ ಬಗೆಗೆ ಒಂದು ಸಿದ್ಧ ಕಥೆಯಿದೆ. 1991ರ ಸೆಪ್ಟೆಂಬರಿನಲ್ಲಿ ಸಿಯಾಟಲ್ ಕಡೆಯಿಂದ ನಿರ್ವಾಣ ಎಂಬ ಮೇಳದ ‘ನೆವರ್‌ಮೈಂಡ್’ ಬಂತು. ಹರಕು ಅಂಗಿ ತೊಟ್ಟ ಆ ಹುಡುಗರ ಮುಂದೆ ಬಣ್ಣ ಬಳಿದವರೆಲ್ಲ ರಾತ್ರೋರಾತ್ರಿ ಮಾಯವಾದರು ಎಂಬುದು ಆ ಕಥೆ. ‘ನೆವರ್‌ಮೈಂಡ್’ 1992ರ ಜನವರಿಯಲ್ಲಿ ಪಟ್ಟಿಯ ನೆತ್ತಿಗೇರಿದ್ದು ನಿಜ. ಆದರೆ ವಿಕ್ಸನ್ ಮೇಳದ ಇಳಿಜಾರು ಅದಕ್ಕೆ ಒಂದು ವರ್ಷಕ್ಕಿಂತ ಮೊದಲೇ ತೊಡಗಿತ್ತೆಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಒಂದೇ ಅಚ್ಚಿನ ಮೇಳಗಳನ್ನು ಕಂಪನಿಗಳು ಹಿಂಡುಹಿಂಡಾಗಿ ಮಾರುಕಟ್ಟೆಗೆ ಬಿಟ್ಟಿದ್ದವು. ಕೇಳುವವರಿಗೆ ಬೇಸರ ಬಂದಿತ್ತು. ಬೇಸರ ಬಂದಾಗ ಮೊದಲು ಕೈಬಿಡುವುದು ಯಾರನ್ನು ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಕಂಪನಿಯ ಆಸರೆ ತಪ್ಪಿತು. ಮೇಳದ ಒಳಗೂ ಸಂಗೀತದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದವು. 1991–92ರ ಸುಮಾರಿಗೆ ಮೇಳ ಚದುರಿತು. ದೊಡ್ಡ ಕಂಪನಿಯ ಆಶ್ರಯದಲ್ಲಿ ಅವರು ಕಳೆದ ಕಾಲ ನಾಲ್ಕು ವರ್ಷಗಳಿಗಿಂತ ಹೆಚ್ಚಲ್ಲ.

ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ವಿಕ್ಸನ್ ಮೇಳದ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ತೋರುವ ಭಾಗ ಇಲ್ಲಿಂದ ಶುರುವಾಗುತ್ತದೆ.

1997ರ ಸುಮಾರಿಗೆ ಗಾರ್ಡ್‌ನರ್ ಮತ್ತು ಪೆಟ್ರುಚಿ ಮತ್ತೆ ಕೂಡಿದರು. ಗಿಟಾರಿಗೆ ಜೀನಾ ಸ್ಟೈಲ್ ಎಂಬ ಇನ್ನೊಬ್ಬರನ್ನು ಕರೆತಂದರು. 1998ರಲ್ಲಿ ‘ಟ್ಯಾಂಜರೀನ್’ ಎಂಬ ಧ್ವನಿಮುದ್ರಿಕೆಯನ್ನೂ ವಿಕ್ಸನ್ ಎಂಬ ಹೆಸರಿನಲ್ಲಿಯೇ ಹೊರತಂದರು. ಕ್ಯೂನ್‌ಮಂಡ್ ಅದರಲ್ಲಿ ಇರಲಿಲ್ಲ. ಹೆಸರು ನನ್ನದು ಎಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಹೊಸ ಕೂಟ ಮುಂದುವರಿಯಲಿಲ್ಲ.

ಇಲ್ಲಿ ಯಾರ ಪಕ್ಷ ಹಿಡಿಯೋಣ? ಸೇಂಟ್ ಪಾಲ್‌ನ ಚಳಿಯಲ್ಲಿ ಮೇಳ ಕಟ್ಟಿದವರು ಕ್ಯೂನ್‌ಮಂಡ್. ಒಬ್ಬೊಬ್ಬರಾಗಿ ಸಂಗಡಿಗರು ಬಿಟ್ಟುಹೋದಾಗಲೂ ಹೆಸರನ್ನು ಹಿಡಿದು ಉಳಿಸಿದವರು ಅವರು. ನಿಜ. ಆದರೆ ಲೋಕ ಕೇಳಿದ್ದು ಗಾರ್ಡ್‌ನರ್ ಅವರ ಕಂಠವನ್ನು. ಕಂಠವಿಲ್ಲದ ವಿಕ್ಸನ್ ಯಾರಿಗೆ ಬೇಕು ಎಂದರೆ ಅದೂ ಸುಳ್ಳಲ್ಲ. ನಮ್ಮ ಮೇಳಗಳಲ್ಲಿ, ನಾಟಕ ಕಂಪನಿಗಳಲ್ಲಿ ಯಜಮಾನನಿಗೂ ಮುಖ್ಯ ನಟನಿಗೂ ನಡೆದ ವ್ಯಾಜ್ಯಗಳನ್ನು ಬಲ್ಲವರಿಗೆ ಈ ತಕರಾರಿನ ಎರಡು ಮುಖಗಳೂ ಪರಿಚಿತ. ನಾನು ಕ್ಯೂನ್‌ಮಂಡ್ ಅವರ ಕಡೆಗೆ ಸ್ವಲ್ಪ ವಾಲುತ್ತೇನೆ. ಕಾರಣವಿಷ್ಟೆ: ಮುಂದೆ ನಿಂತವರನ್ನು ಲೋಕ ತಾನಾಗಿ ನೆನೆಯುತ್ತದೆ, ಮಗ್ಗುಲಲ್ಲಿ ನಿಂತವರ ಪಾಲಿಗೆ ಉಳಿಯುವುದು ಹೆಸರೊಂದೇ. ಹಾಡುಗಳಲ್ಲಿ ಕೆಲವು ಪರರವು, ಮುಖ ಎಂಟೀವಿಯದು, ಹಣ ಕಂಪನಿಯದು. ಕೈಯಲ್ಲಿ ಕಟ್ಟಿದ ಹೆಸರನ್ನೂ ಬಿಟ್ಟುಕೊಟ್ಟರೆ ಆಕೆಯ ದುಡಿಮೆಗೆ ಸಾಕ್ಷಿ ಏನು?

2001ರಲ್ಲಿ ಕ್ಯೂನ್‌ಮಂಡ್, ಗಾರ್ಡ್‌ನರ್, ಪೆಟ್ರುಚಿ ಮೂವರೂ ಮತ್ತೆ ಜೊತೆಗೂಡಿ ಪ್ರವಾಸ ಹೊರಟರು. ಪ್ರವಾಸದ ನಡುವೆಯೇ ಕೂಟ ಒಡೆಯಿತು. ಆಗ ಕ್ಯೂನ್‌ಮಂಡ್ ಎದೆಗುಂದದೆ, ಮೂವರು ಹೊಸಬರನ್ನು ಸೇರಿಸಿಕೊಂಡು ಅದೇ ಹೆಸರಿನಲ್ಲಿ ಮುಂದುವರಿದರು. 2006ರಲ್ಲಿ ‘ಲಿವ್ ಅಂಡ್ ಲರ್ನ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. ನಡುವೆ 2004ರಲ್ಲಿ ಒಂದು ವಿಶೇಷ ನಡೆಯಿತು. ವಿಎಚ್1 ಎಂಬ ದೂರದರ್ಶನ ವಾಹಿನಿ, ಚದುರಿದ ಮೇಳಗಳನ್ನು ಒಂದು ಸಂಜೆಯ ಮಟ್ಟಿಗೆ ಕೂಡಿಸುವ ಕಾರ್ಯಕ್ರಮವನ್ನು ಪ್ರಸಾರ ಮಾಡುತ್ತಿತ್ತು. ಅದರಲ್ಲಿ ಆ ನಾಲ್ವರೂ ಮತ್ತೆ ಒಂದೇ ರಂಗದ ಮೇಲೆ ನಿಂತು ನುಡಿಸಿದರು. ಮರುದಿನದಿಂದ ಮತ್ತೆ ಎಂದಿನಂತೆ ಬೇರೆ ಬೇರೆ ದಾರಿ.

ಕೆಲವು ವರ್ಷಗಳ ತರುವಾಯ ಗಾರ್ಡ್‌ನರ್, ಪೆಟ್ರುಚಿ, ಮದುವೆಯಾಗಿ ಶೇರ್ ರಾಸ್ ಆಗಿದ್ದ ಪೆಡರ್ಸನ್, ಮತ್ತು ಜೀನಾ ಸ್ಟೈಲ್ ಒಂದಾಗಿ ಕಚೇರಿ ಮಾಡತೊಡಗಿದರು. ಈ ಸಲ ಅವರು ವಿಕ್ಸನ್ ಎಂಬ ಹೆಸರನ್ನು ಬಳಸಲಿಲ್ಲ. ಜ್ಯಾನೆಟ್, ಶೇರ್, ರಾಕ್ಸಿ, ಜೀನಾ ಎಂಬ ಹೆಸರುಗಳ ಮೊದಲ ಅಕ್ಷರಗಳನ್ನು ಪೋಣಿಸಿ ‘ಜೆ ಎಸ್ ಆರ್ ಜಿ’ ಎಂದು ಕರೆದುಕೊಂಡರು. ಹಾಡಿದ್ದು ವಿಕ್ಸನ್ ಹಾಡುಗಳನ್ನೇ, ಕೇಳಲು ಬಂದವರು ವಿಕ್ಸನ್ ಅಭಿಮಾನಿಗಳೇ. ಹೆಸರು ಮಾತ್ರ ಒಂದು ಕಚೇರಿಯ ಕಡತದ ಸಂಖ್ಯೆಯ ಹಾಗೆ ನಾಲ್ಕು ಅಕ್ಷರ.

2013ರಲ್ಲಿ ಹಳೆಯ ಮುನಿಸು ಕರಗಿತು. ನಾಲ್ವರೂ ಮತ್ತೆ ಕೂಡಿ ವಿಕ್ಸನ್ ಆಗಿಯೇ ರಂಗವೇರುವ ಏರ್ಪಾಡು ನಡೆದಿತ್ತು. ಆದರೆ ಆ ವರ್ಷದ ಆರಂಭದಲ್ಲಿಯೇ ಕ್ಯೂನ್‌ಮಂಡ್ ಅವರಿಗೆ ಅರ್ಬುದ ರೋಗವಿರುವುದು ತಿಳಿದುಬಂದಿತ್ತು. ಗೆಳತಿಯರು ಪುನರ್ಮಿಲನದ ಸುದ್ದಿಯನ್ನು ಪ್ರಕಟಿಸದೆ, ಅವರು ಚೇತರಿಸಿಕೊಳ್ಳಲೆಂದು ಕಾದರು. 2013ರ ಅಕ್ಟೋಬರ್ 10ರಂದು ಕ್ಯೂನ್‌ಮಂಡ್ ತೀರಿಕೊಂಡರು. ಕೂಡುವ ಸಂಗತಿ ಲೋಕಕ್ಕೆ ತಿಳಿದದ್ದು ಸಾವಿನ ಸುದ್ದಿಯ ಜೊತೆಗೆ.

ಉಳಿದ ಮೂವರು ಜೀನಾ ಸ್ಟೈಲ್ ಅವರೊಡನೆ ವಿಕ್ಸನ್ ಎಂಬ ಹೆಸರನ್ನು ಮತ್ತೆ ಎತ್ತಿಕೊಂಡರು. 2017ರಲ್ಲಿ ಗಿಟಾರಿಗೆ ಬ್ರಿಟ್ ಲೈಟ್ನಿಂಗ್ ಎಂಬ ಕಿರಿಯರು ಬಂದರು. 2018ರಲ್ಲಿ ಕಚೇರಿಯ ನೇರ ಧ್ವನಿಮುದ್ರಣ ‘ಲೈವ್ ಫೈರ್’ ಹೊರಬಂತು. 2019ರ ಆರಂಭದಲ್ಲಿ ಗಾರ್ಡ್‌ನರ್ ಮೇಳವನ್ನು ಬಿಟ್ಟರು. ಆಗ ಅವರ ಸ್ಥಾನಕ್ಕೆ ಬಂದವರ ಹೆಸರು ಕುತೂಹಲಕರ: ಲೊರೇನ್ ಲೂಯಿಸ್. 1988ರಲ್ಲಿ, ವಿಕ್ಸನ್ ಮೇಳದ ಮೊದಲ ಧ್ವನಿಮುದ್ರಿಕೆ ಬಂದ ವರ್ಷದಲ್ಲಿಯೇ, ‘ಫಾಮ್ ಫತಾಲ್’ ಎಂಬ ಇನ್ನೊಂದು ಗ್ಲ್ಯಾಮ್ ಮೆಟಲ್ ಮೇಳದ ಧ್ವನಿಮುದ್ರಿಕೆ ಬಂದಿತ್ತು. ಹೆಸರಿನಲ್ಲಿ ಹೆಣ್ಣಿದ್ದರೂ ಆ ಮೇಳದಲ್ಲಿ ಹೆಣ್ಣು ಒಬ್ಬರೇ, ಹಾಡುಗಾರ್ತಿ ಲೊರೇನ್ ಲೂಯಿಸ್. ವಾದ್ಯಗಳೆಲ್ಲ ಗಂಡಸರ ಕೈಯಲ್ಲಿದ್ದವು. ಲೋಕಕ್ಕೆ ಸುಲಭವಾಗಿ ಒಗ್ಗುವ ಏರ್ಪಾಡು ಅದೇ. ಆದರೂ ಆ ಮೇಳ ಆಗ ಒಂದೇ ಧ್ವನಿಮುದ್ರಿಕೆಗೆ ನಿಂತುಹೋಯಿತು. ಮೂವತ್ತು ವರ್ಷಗಳ ಮೇಲೆ ಲೂಯಿಸ್ ಅವರು ಹೆಣ್ಣುಮಕ್ಕಳೇ ವಾದ್ಯ ಹಿಡಿದ ಮೇಳದ ಮುಂದೆ ಬಂದು ನಿಂತರು. 2022ರಲ್ಲಿ ಶೇರ್ ರಾಸ್ ಅವರೂ ಹೊರಟರು. 2024ರಲ್ಲಿ ಲೂಯಿಸ್ ಅವರೂ ಮೇಳವನ್ನು ಬಿಟ್ಟರು. ಹಾಡುವುದಕ್ಕೆ ಮತ್ತೊಬ್ಬರು ಬಂದರು. ಆ ಹೊತ್ತಿಗೆ 1988ರ ನಾಲ್ವರಲ್ಲಿ ಮೇಳದೊಳಗೆ ಉಳಿದವರು ರಾಕ್ಸಿ ಪೆಟ್ರುಚಿ ಒಬ್ಬರೇ.

ಕುತೂಹಲವುಳ್ಳ ಕೇಳುಗರು ಯಾವುದರಿಂದ ಆರಂಭಿಸಬೇಕೆಂದು ಕೇಳಿದರೆ ನನ್ನ ಸಲಹೆ ‘ರೆವ್ ಇಟ್ ಅಪ್’. ಚಿತ್ರಗಳನ್ನು ನೋಡಬೇಡಿ, ಹೊದಿಕೆಯನ್ನೂ ನೋಡಬೇಡಿ. ಕೋಣೆಯ ದೀಪ ಆರಿಸಿ ‘ಲವ್ ಈಸ್ ಎ ಕಿಲ್ಲರ್’ ಹಾಡನ್ನು ಒಮ್ಮೆ ಗಾರ್ಡ್‌ನರ್ ಅವರಿಗಾಗಿ ಕೇಳಿ. ಎರಡನೆಯ ಸಲ ಅವರ ಕಂಠವನ್ನು ಬದಿಗಿಟ್ಟು, ಅದರ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು ನುಡಿಯುತ್ತಿರುವ ಗಿಟಾರಿಗೆ ಕಿವಿಗೊಡಿ.